ಅತ್ತೆಗೆ ಓದದೆ ಕಳಿಸಿದ ಅಧ್ಯಾಯ

ಧಾರಾವಾಹಿ ಇಪ್ಪತ್ತೆರಡು ವಾರ ಬರಬೇಕೆಂದು ಮಾತಾಗಿತ್ತು. ಸಂಪಾದಕರು ಷರತ್ತುಗಳನ್ನೆಲ್ಲ ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು ಕಳಿಸಿದ್ದರು. ಒಂದು ಕಂತು ಹತ್ತು ಫುಲ್‌ಸ್ಕೇಪ್ ಹಾಳೆ ಮೀರಬಾರದು, ಹಾಳೆಯ ಒಂದೇ ಮಗ್ಗುಲಿಗೆ ಬರೆಯಬೇಕು, ಯಾವ ಹೊತ್ತಿಗೂ ಮುಂದಿನ ಮೂರು ಕಂತು ಅವರ ಕೈಯಲ್ಲಿರಬೇಕು. ಗಂಡಸಿಯಿಂದ ಮೂರು ಮೈಲಿ ಒಳಗಿನ ಹಳ್ಳಿಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಕಾದಂಬರಿ ಬರೆಯುತ್ತಿದ್ದವಳನ್ನು ಬೆಂಗಳೂರಿನ ವಾರಪತ್ರಿಕೆ ತಾನಾಗಿ ಕರೆದಿತ್ತು. ನಾನು ಆ ಕಾಗದವನ್ನು ಎರಡನೇ ಸಲ ಓದಲೂ ಇಲ್ಲ, ಒಪ್ಪಿಗೆ ಬರೆದುಬಿಟ್ಟೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಮನೆಗೆ ಇನ್ನೂ ಫೋನು ಬಂದಿರಲಿಲ್ಲ. ಸಂಪಾದಕರ ಹತ್ತಿರ ಮಾತಾಡಬೇಕಾದರೆ ಗಂಡಸಿಯ ಎಸ್‌ಟಿಡಿ ಬೂತಿಗೆ ಹೋಗಬೇಕಿತ್ತು. ಬರೆಯುವುದಕ್ಕೆ ನನಗೆ ಸಿಗುತ್ತಿದ್ದದ್ದು ಬೆಳಗಿನ ಹತ್ತರಿಂದ ಹನ್ನೆರಡೂವರೆ. ಹಾಲು ಡೈರಿಗೆ ಹೋಗಿ, ತಿಂಡಿ ಮುಗಿದು, ಯಜಮಾನರು ತೋಟಕ್ಕೆ ಹೊರಟ ಮೇಲೆ ನಡುಮನೆಯ ಕಿಟಕಿಯ ಪಕ್ಕ ರಾಗಿ ಮೂಟೆಗೆ ಒರಗಿ, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಕೂರುತ್ತಿದ್ದೆ. ಗುರುವಾರದಿಂದ ಶನಿವಾರದವರೆಗೆ ಕರಡು. ಭಾನುವಾರ ಮಧ್ಯಾಹ್ನ ಓದುವುದು. ಸೋಮವಾರ ಕಾರ್ಬನ್ ಇಟ್ಟು ಶುದ್ಧಪ್ರತಿ. ಕಾರ್ಬನ್ನಿಗೆ ಇಂಕ್ ಪೆನ್ನು ಆಗುವುದಿಲ್ಲ. ಬಾಲ್‌ಪೆನ್ನನ್ನು ಒತ್ತಿ ಒತ್ತಿ ನಡುಬೆರಳಿನಲ್ಲಿ ಗಂಟು ಕಟ್ಟಿತ್ತು. ಮಂಗಳವಾರ ಬಸ್ಸು ಹಿಡಿದು ಅರಸೀಕೆರೆಗೆ ಹೋಗಿ, ರೈಲ್ವೆ ಸ್ಟೇಷನ್ನಿನಲ್ಲಿ ರೈಲಿಗೆ ಟಪಾಲು ಹತ್ತಿಸುವ ಆರ್‌ಎಂಎಸ್ ಕಚೇರಿ ಇತ್ತಲ್ಲ, ಅಲ್ಲೇ ರಿಜಿಸ್ಟರ್ ಮಾಡಿಸಿ ಬರುತ್ತಿದ್ದೆ. ಊರಿನ ಡಬ್ಬಿಗೆ ಹಾಕುವುದಕ್ಕಿಂತ ಅದು ಒಂದು ದಿನ ಮುಂಚೆ ತಲುಪುತ್ತಿತ್ತು.

ಭಾನುವಾರ ಓದುವುದು ಅಂದೆನಲ್ಲ, ಅದು ನಮ್ಮ ಅತ್ತೆಗೆ ಓದುವುದು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಮದುವೆಯಾಗಿ ಅರಸೀಕೆರೆಯಿಂದ ಈ ಮನೆಗೆ ಬಂದ ಹೊಸದರಲ್ಲಿ ನಾನು ಬರೆದದ್ದನ್ನೆಲ್ಲ ಟ್ರಂಕಿನ ತಳಕ್ಕೆ ಸೇರಿಸಿಡುತ್ತಿದ್ದೆ. ಒಂದು ದಿನ ಅವರೇ ಕೇಳಿದರು: “ಅದೇನಮ್ಮಿ ದಿನಾ ಗೀಚ್ತೀಯ? ಒಳ್ಳೇದಾದ್ರೆ ವಸಿ ನಂಗೂ ಯೋಳು. ಕೆಟ್ಟದ್ದಾದ್ರೆ ಮೊದ್ಲು ನಂಗೆ ಯೋಳು.” ಅವತ್ತು ಹೆದರಿಕೊಂಡು ಎರಡು ಪುಟ ಓದಿದವಳು, ಆಮೇಲೆ ಹದಿನಾಲ್ಕು ವರ್ಷ ಅವರಿಗೆ ಓದದೆ ಒಂದು ಹಾಳೆಯನ್ನೂ ಹೊಸ್ತಿಲು ದಾಟಿಸಲಿಲ್ಲ.

ಅವರು ಸುಮ್ಮನೆ ಕೂತು ಕೇಳುವವರಲ್ಲ. ಕೈಗೆ ಕೆಲಸ ಬೇಕು. ಚಳಿಗಾಲದಲ್ಲಿ ಅವರೆಕಾಯಿ ಬಿಡಿಸುವುದು, ಬೇಸಿಗೆಯಲ್ಲಿ ಹುಣಸೆಬೀಜ ತೆಗೆಯುವುದು, ಏನೂ ಇಲ್ಲದಿದ್ದರೆ ಗರಿ ಸೀಳಿ ಪೊರಕೆ ಕಡ್ಡಿ. ನಾನು ಓದುತ್ತಾ ಓದುತ್ತಾ ಕಣ್ಣಂಚಿನಲ್ಲಿ ಅವರ ಕೈಯನ್ನೇ ನೋಡುತ್ತಿದ್ದೆ. ಕೈ ನಿಂತರೆ ಬರೆದದ್ದು ಸರಿಯಾಗಿದೆ. ಕೈ ತನ್ನ ಪಾಡಿಗೆ ಓಡುತ್ತಿದ್ದರೆ ಆ ಪುಟ ಹೋಯಿತು, ಮತ್ತೆ ಬರೆಯಬೇಕು. ಬಾಯಲ್ಲಿ ಹೇಳುವುದೆಲ್ಲ ಆಮೇಲಿನ ಮಾತು. “ನೀರಿಗೆ ಹೋದ್ಲು ಅಂದೆ, ಬಿಂದಿಗೆ ಎಲ್ಲೇ?” ಎನ್ನುವರು. “ಹೆತ್ತು ಮೂರು ದಿನ ಆಗಿಲ್ಲ, ಕೂತ್ಕಂಡು ಇಷ್ಟುದ್ದ ಭಾಷಣ ಮಾಡ್ತಾಳಲ್ಲ, ಅವ್ಳಿಗೆ ಸೊಂಟ ಇಲ್ವೇ?” ಎನ್ನುವರು. ನನಗೆ ಸಿಟ್ಟು ಬರುತ್ತಿತ್ತು. ಎದುರಾಡುತ್ತಲೂ ಇದ್ದೆ. ಸೋಮವಾರ ಶುದ್ಧಪ್ರತಿ ಮಾಡುವಾಗ ಬಿಂದಿಗೆ ತಾನಾಗಿ ಬಂದು ಸೊಂಟಕ್ಕೆ ಕೂರುತ್ತಿತ್ತು.

ನಮ್ಮ ತೋಟದ ಮೂಲೆಯಲ್ಲೊಂದು ತೆಂಗಿನ ಮರ ಇತ್ತು. ಊರವರು ಅದಕ್ಕೆ ಧರ್ಮದ ಮರ ಎನ್ನುತ್ತಿದ್ದರು. ದೋಟಿ ಹಿಡಿದು ಕಾಯಿ ಕೀಳುವವನು ಬಂದಾಗ ಉಳಿದ ಮರಗಳ ಕಾಯಿ ಕೊಬ್ಬರಿಯಾಗಲು ಅಟ್ಟ ಸೇರಿದರೆ, ಆ ಮರದ್ದನ್ನು ಮಾತ್ರ ಅತ್ತೆ ಜಗಲಿಯ ಮೇಲೆ ರಾಶಿ ಹಾಕಿಸುತ್ತಿದ್ದರು. ದೇವಸ್ಥಾನಕ್ಕೆ ಹೊರಟವರು, ಬಸುರಿ ಹೆಂಗಸರು, ಸಾರಿಗೆ ಕಾಯಿಲ್ಲದವರು, ಯಾರು ಬೇಕಾದರೂ ಒಂದು ಎತ್ತಿಕೊಳ್ಳಬಹುದು, ಕೇಳಬೇಕಾಗಿಲ್ಲ. ಎತ್ತಿಕೊಂಡವರು ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಅತ್ತೆಯ ಜೊತೆ ನಾಲ್ಕು ಮಾತಾಡಿ ಹೋಗುವುದು ವಾಡಿಕೆ. ಯಾಕೆ ಈ ಮರಕ್ಕೆ ಮಾತ್ರ ಹೀಗೆ ಎಂದರೆ, ಮನೆದೇವರ ಹರಕೆ ಎನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಧಾರಾವಾಹಿಯ ಹನ್ನೊಂದನೇ ಕಂತಿನಲ್ಲಿ ನನ್ನ ನಾಯಕಿಯ ಹಸುಗೂಸು ತೀರಿಕೊಳ್ಳುತ್ತದೆ. ಅವರೆಕಾಯಿಯ ಕಾಲ. ಭಾನುವಾರ ಮಧ್ಯಾಹ್ನ ಅತ್ತೆ ಮೊರ ಮುಂದಿಟ್ಟುಕೊಂಡು ಕೂತರು, ನಾನು ಗದ್ಗದಿಸುತ್ತಾ ಓದಿದೆ. ತಾಯಿ ನೆಲಕ್ಕೆ ಬಿದ್ದು ಹೊರಳಾಡುತ್ತಾಳೆ, ಊರೆಲ್ಲ ಸೇರುತ್ತದೆ, ಎರಡೂವರೆ ಪುಟ ಅಳು. ಅತ್ತೆಯ ಕೈ ಒಂದು ಕಾಯಿಗೂ ನಿಲ್ಲಲಿಲ್ಲ.

“ಹಂಗಲ್ಲ ಕಣಮ್ಮಿ,” ಎಂದರು.

“ಮತ್ತೆ ಹೆಂಗೆ ಅತ್ತೆ? ಮಗು ಹೋದ್ರೆ ಅಳೋದಿಲ್ವಾ?”

“ಅಳಕ್ಕೆ ಯಾರು ಬುಟ್ಟಾರು? ಹೆಸ್ರಿಡೋಕೆ ಮುಂಚೆ ಹೋದ ಕೂಸಿಗೆ ತಿಥಿ ಇಲ್ಲ, ಕರ್ಮ ಇಲ್ಲ. ತೋಟದಲ್ಲಿ ಮಣ್ಣು ಮಾಡಿ ಬಂದು ಕೈಕಾಲು ತೊಳ್ಕಂಡ್ರೆ ಮುಗೀತು. ಮಾರನೆ ದಿನ ಮುದ್ದೆ ಕಟ್ಬೇಕು, ಹಸ ಕರೀಬೇಕು.” ಒಂದು ಸೊಲಗೆಯಷ್ಟು ಕಾಳು ಬಿಡಿಸಿ, ಮೊರದಿಂದ ತಲೆಯೆತ್ತದೆ ಮುಂದುವರಿಸಿದರು. “ಎದೆಗೇನು ಗೊತ್ತು ಕೂಸು ಇಲ್ಲ ಅಂತ? ಹಾಲು ಕಟ್ಕಂಡು ಕಲ್ಲಾಗೋಯ್ತು. ನಿಮ್ಮ ಮಾವ ಅದೇ ವಾರ ಮೂಲೇಲಿ ಒಂದು ತೆಂಗಿನ ಸಸಿ ಇಟ್ಟಿದ್ರು, ಕೂಸಿನ ಪಕ್ಕಕ್ಕೆ. ನೀರು ಹಾಕಿ ಬತ್ತೀನಿ ಅಂತ ಹೋಗಿ ಅದ್ರ ಬುಡಕ್ಕೆ ಹಿಂಡ್ತಿದ್ದೆ. ಇಪ್ಪತ್ತು ದಿನ ಕುಡೀತು. ಆಮೇಲೆ ಬತ್ತೋಯ್ತು.”

“ಹರಕೆ ಅಂತಿದ್ರಲ್ಲ,” ಎಂದೆ.

“ಇನ್ನೇನನ್ನಲಿ? ಕಾಯಿ ಬಿಟ್ಟಾಗ ಮಾರಕ್ಕೆ ಮನ್ಸು ಬರ್ಲಿಲ್ಲ. ನಾಲ್ಕು ಜನ ತಿನ್ಲಿ ಅನ್ನಿಸ್ತು. ಇದು ನಿಮ್ಮ ಮಾವಂಗೂ ಗೊತ್ತಿರ್ಲಿಲ್ಲ, ನೋಡು.” ಮೊರವನ್ನು ನನ್ನ ಕಡೆ ತಳ್ಳಿ, “ಸಿಪ್ಪೆ ಎಮ್ಮೆಗೆ ಹಾಕೋಗು,” ಎಂದು ಎದ್ದರು.

ಸೋಮವಾರ ಬೆಳಿಗ್ಗೆ ನಾನು ಆ ಎರಡೂವರೆ ಪುಟ ಹರಿದುಹಾಕಿದೆ. ಹೊಸದಾಗಿ ಬರೆಯಲು ಒಂದೂಕಾಲು ಗಂಟೆ ಹಿಡಿಯಿತು. ಒಂದು ಪದವನ್ನೂ ಹೊಡೆದುಹಾಕಲಿಲ್ಲ. ಹಾಗೆ ನಾನು ಹಿಂದೆ ಬರೆದಿರಲಿಲ್ಲ, ಆಮೇಲೆಯೂ ಬರೆದಿಲ್ಲ. ನನಗೂ ಅಷ್ಟಿಷ್ಟು ಬುದ್ಧಿ ಇತ್ತು, ವೇಷ ಹಾಕಿಸಿದೆ. ತೆಂಗನ್ನು ಹಲಸು ಮಾಡಿದೆ. ಊರನ್ನು ಎತ್ತಿ ಘಟ್ಟದ ಕೆಳಗೆ ಇಟ್ಟೆ. ಜಾತಿ, ಹೆಸರು, ಮನೆಯ ಬಾಗಿಲಿನ ದಿಕ್ಕು ಎಲ್ಲವೂ ಬೇರೆ. ಆದರೆ ಮರದ ಹಣ್ಣನ್ನು ಜಗಲಿಯ ಮೇಲೆ ರಾಶಿ ಹಾಕಿ ಬಂದವರಿಗೆಲ್ಲ ಬಿಟ್ಟುಕೊಡುವುದನ್ನು ಹಾಗೇ ಇಟ್ಟೆ. ಅದನ್ನು ತೆಗೆದರೆ ಕಥೆಯ ಜೀವ ಹೋಗುತ್ತಿತ್ತು.

ಮಂಗಳವಾರ ನಾನು ಸೀರೆ ಬದಲಿಸಿ ಹೊರಟಾಗ ಅತ್ತೆ ಕೇಳಿದರು: “ತಿದ್ದಿದ್ದನ್ನ ಓದ್ಲಿಲ್ವಲ್ಲ.”

“ಬಸ್ಸಿಗೆ ಹೊತ್ತಾಯ್ತು ಅತ್ತೆ. ಬಂದು ಓದ್ತೀನಿ.”

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬಂದ ಮೇಲೂ ಓದಲಿಲ್ಲ. ಅವರು ಕೇಳಲೂ ಇಲ್ಲ, ನನ್ನ ಮೇಲೆ ಅವರಿಗೆ ಅಷ್ಟು ಭರವಸೆ. ಮುಂದಿನ ಎರಡು ಕಂತಿನಲ್ಲಿ ಕಥೆ ನಾಯಕಿಯ ಗಂಡನ ಬೆನ್ನು ಹತ್ತಿ ಬೇರೆ ಊರಿಗೆ ಹೋಗಿತ್ತು. ಅವನ್ನು ಎಂದಿನಂತೆ ಭಾನುವಾರಗಳಂದು ಓದಿದೆ. ಯಾರಾದರೂ ಕೇಳಿದ್ದರೆ ಮರೆತೆ ಎನ್ನುತ್ತಿದ್ದೆನೇನೋ. ಮರೆತಿರಲಿಲ್ಲ. ಓದಿದರೆ ಅವರು ಬೇಡ ಅನ್ನುತ್ತಾರೆ, ಅವರು ಬೇಡ ಅಂದರೆ ನಾನು ಕಳಿಸುವ ಹಾಗಿಲ್ಲ. ಅದಕ್ಕೇ ಓದಲಿಲ್ಲ.

ಮೂರು ವಾರಕ್ಕೆ ಹನ್ನೊಂದನೇ ಕಂತು ಅಚ್ಚಾಗಿ ಬಂತು. ಪಕ್ಕದ ಮನೆಯಾಕೆ ಏಳನೇ ಕ್ಲಾಸಿನವರೆಗೆ ಓದಿದವರು. ಪತ್ರಿಕೆ ಬಂದ ದಿನ ನಾಲ್ಕಾರು ಹೆಂಗಸರನ್ನು ಕೂರಿಸಿಕೊಂಡು ನನ್ನ ಧಾರಾವಾಹಿ ಓದಿ ಹೇಳುತ್ತಿದ್ದರು. ನಮ್ಮ ಅತ್ತೆ ಅಲ್ಲಿಗೆ ಹೋಗುತ್ತಿರಲಿಲ್ಲ. “ನಾನು ಬಿಸಿಬಿಸೀದು ಉಂಡಾಗೈತೆ, ತಂಗಳು ನಂಗ್ಯಾಕೆ?” ಎಂದು ಬಿಂಕ ಮಾಡುತ್ತಿದ್ದರು.

ಆ ವಾರ ಕಾಯಿ ಕಿತ್ತಿದ್ದರು. ಜಗಲಿಯ ಮೇಲೆ ರಾಶಿ ಬಿತ್ತು. ಒಂದು ದಿನ ಕಳೆಯಿತು, ಎರಡು ದಿನ, ನಾಲ್ಕು ದಿನ; ರಾಶಿ ಹಾಗೇ ಇತ್ತು. ಅತ್ತೆ ಬೆಳಿಗ್ಗೆ ಗುಡಿಸುವಾಗ ಒಂದೊಂದನ್ನೇ ಎತ್ತಿ ಒರೆಸಿ ಮತ್ತೆ ಇಡುತ್ತಿದ್ದರು. ಬೀದಿಯಲ್ಲಿ ಹೋಗುವವರು ಆ ಕಡೆ ಮಗ್ಗುಲಿಗೆ ಸರಿದು ಹೋಗುವುದು ನನಗೆ ಕಾಣುತ್ತಿತ್ತು, ಯಾಕೆಂದು ಗೊತ್ತೂ ಇತ್ತು. ಐದನೇ ದಿನ ಅತ್ತೆ ಪಕ್ಕದ ಮನೆಯಾಕೆಯನ್ನು ಕೂಗಿ ಕರೆದರು. ನಾನು ಕಿಟಕಿಯ ಒಳಬದಿಯಲ್ಲಿ ಕೂತಿದ್ದೆ.

“ಏನೇ, ಕಾಯಿ ಬ್ಯಾಡ್ವ? ಈ ಕಡೆ ತಲೇನೇ ಹಾಕ್ಲಿಲ್ಲ?”

“ಬ್ಯಾಡ ಬುಡಕ್ಕ. ಮನೇಲಿ ಐತೆ.”

“ನಿಮ್ಮನೇಲಿ ಎಲ್ಲೈತೆ? ನಿನ್ನೆ ಅಂಗ್ಡೀಲಿ ತರಿಸ್ದೆಯಲ್ಲ.”

ಆಕೆ ಸೆರಗಿನ ತುದಿ ಹೊಸೆಯುತ್ತಾ ನಿಂತರು. “ಕೂಸಿನ ಪಾಲಿನ ಹಾಲು ಕುಡಿದ ಮರ ಅಂತೆ. ಒಡೆಯಕ್ಕೆ ಕೈ ಬರಲ್ಲಕ್ಕ. ಗೊತ್ತಿಲ್ದೆ ಇಷ್ಟು ವರ್ಷ ತಿಂದ್ವಲ್ಲ ಅಂತ ಜೀವ ಹಿಂಡ್ತದೆ. ನಿಮ್ಮ ಸೊಸೆ ಚೆಂದಾಗಿ ಬರ್ದವ್ರೆ, ಹಲಸಿನ ಮರ ಅಂತ. ನಮಗೆ ಗೊತ್ತಾಗ್ದೆ ಇರ್ತದ? ನಾವೆಲ್ಲ ಅತ್ಬುಟ್ವಿ.”

ಅವರ ಮಾತಿನಲ್ಲಿ ಕುಹಕ ಇರಲಿಲ್ಲ, ಬರೀ ಮರುಕ. ಅದೇ ಮರುಕ ಊರಿನ ಎಲ್ಲ ಕೈಗಳನ್ನೂ ಕಟ್ಟಿಹಾಕಿತ್ತು. ಅತ್ತೆ ಒಳಗೆ ಬಂದರು. ಕೈಯಲ್ಲಿ ಏನೂ ಇರಲಿಲ್ಲ. ನನ್ನೆದುರು ನೆಲಕ್ಕೆ ಕೂತು, “ಆ ವಾರದ್ದು ಓದು,” ಎಂದರು.

ಓದಿದೆ. ಇನ್ನೇನು ಮಾಡಲಿ? ಹತ್ತು ಪುಟದ ಕೊನೆಯವರೆಗೂ ಅವರು ಅಲ್ಲಾಡಲಿಲ್ಲ. ಮುಗಿದ ಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದರು. “ಚೆಂದಾಗಿ ಬರ್ದೀಯ ಕಣಮ್ಮಿ. ಇದ್ದದ್ದು ಇದ್ದಂಗೇ ಐತೆ,” ಎಂದರು. ಅಡುಗೆಮನೆಯ ಬಾಗಿಲವರೆಗೆ ಹೋಗಿ ನಿಂತು, “ನಂಗೊಂದು ಮಾತು ಯೋಳ್ಬೋದಿತ್ತು,” ಎಂದರು. ಮಾರನೆಯ ದಿನ ಎರಡು ಸೀರೆ ಗಂಟು ಕಟ್ಟಿಕೊಂಡು, ಯಜಮಾನರನ್ನು ಜೊತೆಗೆ ಕರೆದುಕೊಂಡು ಹಳೇಬೀಡಿಗೆ, ನನ್ನ ನಾದಿನಿಯ ಮನೆಗೆ ಹೋದರು. ಮಗಳನ್ನು ನೋಡಿ ವರ್ಷವಾಯಿತು ಎಂದು ಬೀದಿಯವರಿಗೆ ಹೇಳಿದರಂತೆ.

ಯಜಮಾನರು ವಾಪಸು ಬಂದು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಜಗಲಿಯ ಮೇಲಿದ್ದ ಕಾಯಿಗಳನ್ನು ತಾವೇ ಒಂದು ಮೂಲೆಗೆ ಸರಿಸಿ ಗೋಣಿಚೀಲ ಹೊದಿಸಿದರು.

ಧಾರಾವಾಹಿ ನಿಲ್ಲುವುದಿಲ್ಲವಲ್ಲ. ಗುರುವಾರ ಬಂತು, ಬರೆದೆ. ಭಾನುವಾರ ಬಂತು, ಓದಲು ಯಾರೂ ಇಲ್ಲ. ಯಜಮಾನರನ್ನು ಕೂರಿಸಿಕೊಂಡೆ. ಅವರು ಎಲ್ಲದಕ್ಕೂ “ಚೆನ್ನಾಗೈತೆ” ಎಂದರು, ಮೂರನೇ ಪುಟಕ್ಕೆ ತೂಕಡಿಸಿದರು. ಕೊಟ್ಟಿಗೆಗೆ ಹೋಗಿ ಎಮ್ಮೆಗಳ ಎದುರಿಗೆ ಗಟ್ಟಿಯಾಗಿ ಓದಿ ನೋಡಿದೆ. ನನ್ನ ದನಿ ನನಗೇ ಅಸಹ್ಯವಾಯಿತು. ಯಾವ ಸಾಲು ನಿಂತಿದೆ, ಯಾವುದು ಬಿದ್ದಿದೆ ಎಂದು ತಿಳಿಯುವ ದಾರಿಯೇ ಕಾಣಲಿಲ್ಲ. ಹದಿನಾಲ್ಕು ವರ್ಷ ಅವರ ಕೈ ನೋಡಿ ಬರೆದವಳಿಗೆ ಸ್ವಂತ ಅಳತೆಯೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಬರೆಯುತ್ತಾ ಇರುವಾಗಲೇ, ಇಲ್ಲಿ ಅತ್ತೆ ಏನೆನ್ನುತ್ತಿದ್ದರು ಎಂದು ತಲೆಯೆತ್ತಿ ಖಾಲಿ ನೆಲ ನೋಡುತ್ತಿದ್ದೆ. ಅವರ ಬೈಗುಳಕ್ಕೆ ನನ್ನ ಕಿವಿ ಹಂಬಲಿಸುತ್ತಿತ್ತು. ಅಳು ಬಂದರೆ ಅತ್ತೂ ಬಿಡುತ್ತಿದ್ದೆ, ನೋಡುವವರು ಯಾರು?

ಇತ್ತ ಪತ್ರಿಕೆಗೆ ಓದುಗರ ಕಾಗದಗಳು ಸುರಿಯುತ್ತಿದ್ದವು. ಸಂಪಾದಕರು ಅವನ್ನೆಲ್ಲ ಒಂದು ಲಕೋಟೆಗೆ ತುಂಬಿ ಕಳಿಸಿದರು. ಎಲ್ಲರೂ ಆ ಮರದ ಬಗ್ಗೆಯೇ ಬರೆದಿದ್ದರು. ಮರವನ್ನು ಕೊನೆಯವರೆಗೂ ಕೈಬಿಡಬೇಡಿ, ಕಥೆಯ ತಾಯಿಬೇರೇ ಅದು ಎಂದು ಸಂಪಾದಕರ ಚೀಟಿ. ನಾನು ಯೋಚಿಸಿದ್ದೂ ಹಾಗೇ. ಹದಿನಾಲ್ಕರಿಂದ ಹದಿನಾರರವರೆಗಿನ ಕಂತುಗಳಲ್ಲಿ ನಾಯಕಿ ಮತ್ತೆ ಮತ್ತೆ ಮರದ ಬುಡಕ್ಕೆ ಬರುತ್ತಾಳೆ, ಇಪ್ಪತ್ತೆರಡನೆಯದು ಅಲ್ಲೇ ಮುಗಿಯುತ್ತದೆ. ಆ ಮೂರು ಕಂತು ಆಗಲೇ ಬೆಂಗಳೂರು ಸೇರಿದ್ದವು.

ಮೂರನೇ ಭಾನುವಾರಕ್ಕೆ ತಡೆಯಲಾಗಲಿಲ್ಲ. ಹದಿನೇಳನೇ ಕಂತಿನ ಕರಡನ್ನು ಚೀಲಕ್ಕೆ ಹಾಕಿಕೊಂಡು ಅರಸೀಕೆರೆಗೆ ಹೋಗಿ ಹಳೇಬೀಡಿನ ಬಸ್ಸು ಹತ್ತಿದೆ. ನಾದಿನಿಯ ಮನೆ ಕೆರೆಯ ಏರಿಯ ಹತ್ತಿರ. ಬಾಗಿಲಲ್ಲೇ ಸಿಕ್ಕ ನಾದಿನಿ ಒಳಗೆ ಕರೆಯುವ ಮೊದಲು ಮೆಲ್ಲನೆ ಹೇಳಿದಳು: “ನಂಗೊಬ್ಬಳು ಅಕ್ಕ ಇದ್ಲು ಅಂತ ನಾನು ಪತ್ರಿಕೆ ಓದಿ ತಿಳ್ಕೋಬೇಕಾಯ್ತು ಅತ್ತಿಗೆ.” ನಾನು ಚಪ್ಪಲಿ ಬಿಟ್ಟು ಒಳಗೆ ನಡೆದೆ.

ಅತ್ತೆ ಹಿತ್ತಿಲಲ್ಲಿ ಹುಣಸೆಹಣ್ಣು ಹರಡಿಕೊಂಡು ಕೂತಿದ್ದರು. ನನ್ನನ್ನು ನೋಡಿ, “ಬಾರಮ್ಮಿ, ಬಸ್ಸಲ್ಲಿ ಸೀಟು ಸಿಕ್ತ? ಎಮ್ಮೆ ಮೇವು ತಿಂತಾವ?” ಎಂದು ಕೇಳಿದರು. ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ನಾನೂ ಒಂದು ಹಿಡಿ ಹಣ್ಣು ಎಳೆದುಕೊಂಡು ಬೀಜ ತೆಗೆಯತೊಡಗಿದೆ. ಹೀಗೆ ಅವರ ಪಕ್ಕ ಕೂತು ಎಷ್ಟು ದಿನವಾಗಿತ್ತು! ಎಲ್ಲ ಸರಿಹೋಯಿತು ಅನ್ನಿಸಿ, ಕೈ ಒರೆಸಿಕೊಂಡು ಚೀಲದಿಂದ ಹಾಳೆ ತೆಗೆದೆ.

“ಕೇಳ್ತೀರಾ ಅತ್ತೆ?”

“ಬ್ಯಾಡ.”

“ನನ್ನದು ತಪ್ಪಾಯ್ತು ಅತ್ತೆ. ಕಾಲಿಗೆ ಬೀಳ್ತೀನಿ.”

“ಏಳು, ಏಳು. ನಿನ್ನ ಮ್ಯಾಲೆ ಸಿಟ್ಟಿಲ್ಲ ಕಣೇ.” ಅವರು ಒಂದು ಹಣ್ಣಿನ ನಾರು ಬಿಡಿಸುತ್ತಾ ಹೇಳಿದರು: “ನೀ ಓದಿದ್ರೆ ನಂಗೆ ಮಾತು ಬತ್ತದೆ. ಮಾತು ಬಂದ್ರೆ ಹಳೇದೆಲ್ಲ ಬತ್ತದೆ. ಬಂದಿದ್ದನ್ನ ನೀ ಬರ್ಕಂತೀಯ. ನಿಂದೇನು ತಪ್ಪು, ನಿನ್ನ ಕಸುಬೇ ಅದು. ನಾನೇ ಹುಷಾರಾಗಿರ್ಬೇಕಿತ್ತು.”

ಒದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಹಾಳೆಗಳನ್ನು ಮಡಿಸಿ ಚೀಲಕ್ಕೆ ತುರುಕಿಕೊಂಡೆ. ಊಟ ಮಾಡಿಸಿಯೇ ಕಳಿಸಿದರು. ಬಸ್‌ಸ್ಟ್ಯಾಂಡಿನವರೆಗೆ ನಾದಿನಿ ಬಂದಳು. ಅತ್ತೆ ಬಾಗಿಲಲ್ಲೇ ನಿಂತರು.

ಬಸ್ಸು ಜಾವಗಲ್ ದಾಟುವವರೆಗೂ ನಾನು ಲೆಕ್ಕ ಹಾಕುತ್ತಿದ್ದೆ. ಹನ್ನೊಂದನೇ ಕಂತನ್ನು ವಾಪಸು ನುಂಗಲು ಆಗುವುದಿಲ್ಲ, ಅಚ್ಚಾಗಿ ಹೋಗಿದೆ. ಹದಿನಾಲ್ಕನೆಯದು ಅಚ್ಚಿಗೆ ಹೋಗಲು ಇನ್ನು ನಾಲ್ಕು ದಿನ. ಮರ ಇಲ್ಲದೆ ನನ್ನ ಕಾದಂಬರಿಗೆ ಬೆನ್ನುಮೂಳೆ ಇಲ್ಲ. ಮರ ಇದ್ದರೆ ಇನ್ನು ಒಂಬತ್ತು ವಾರ ನಮ್ಮ ಬೀದಿಯಲ್ಲಿ ಹೆಂಗಸರು ಅದನ್ನು ಓದಿ ಅಳುತ್ತಾರೆ, ಆ ಬೀದಿಗೆ ಅತ್ತೆ ಬರಲಾರರು. ಅರಸೀಕೆರೆಯಲ್ಲಿ ಇಳಿಯುವ ಹೊತ್ತಿಗೆ ತೀರ್ಮಾನವಾಗಿತ್ತು. ಗಂಡಸಿ ಬಸ್ಸು ಹತ್ತದೆ, ಅದಕ್ಕೆ ಹೊರಟಿದ್ದ ನಮ್ಮೂರಿನವರೊಬ್ಬರ ಕೈಲಿ ಯಜಮಾನರಿಗೆ ಚೀಟಿ ಕಳಿಸಿ, ಬೆಂಗಳೂರಿನ ರೈಲು ಹತ್ತಿದೆ. ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಉಳಿದು ಬೆಳಿಗ್ಗೆ ಪತ್ರಿಕೆಯ ಕಚೇರಿಗೆ ಹೋದೆ.

ಸಂಪಾದಕರು ನನ್ನನ್ನು ಮೊದಲ ಸಲ ನೋಡುತ್ತಿದ್ದದ್ದು. ಕಾಫಿ ತರಿಸಿದರು. ನಾನು ಮೂರು ಕಂತು ವಾಪಸು ಬೇಕು ಎಂದಾಗ ಲೋಟ ಕೆಳಗಿಟ್ಟರು.

“ಏನಮ್ಮ, ಹುಡುಗಾಟವೇ? ಹದಿನಾಲ್ಕು ಕಂಪೋಸ್ ಆಗ್ತಿದೆ.”

“ಹೊಸದು ಬರೆದುಕೊಡ್ತೀನಿ ಸರ್. ಮರದ ಕಥೆ ಇನ್ನು ಬೇಡ.”

“ಅದನ್ನು ಬಿಟ್ಟರೆ ನಿಮ್ಮ ಕಾದಂಬರಿಯಲ್ಲಿ ಇನ್ನೇನಿದೆ ಹೇಳಿ?”

ಅವರು ಹೇಳಿದ್ದು ಸುಳ್ಳಲ್ಲ. ನಾನು ಅತ್ತೆಯ ವಿಷಯ ಬಾಯಿಬಿಡಲಿಲ್ಲ. ಒಂದು ಸಲ ಬಾಯಿಬಿಟ್ಟದ್ದೇ ಸಾಕಾಗಿತ್ತು. ಮನೆಯಲ್ಲಿ ತೊಂದರೆ ಎಂದಷ್ಟೇ ಹೇಳಿ ಹಟ ಹಿಡಿದು ಕೂತೆ. ಕೊನೆಗೆ ಅವರು ಗುಮಾಸ್ತರನ್ನು ಕರೆದು ಕಟ್ಟು ತರಿಸಿ ನನ್ನ ಮುಂದಿಟ್ಟರು. ಹದಿನಾಲ್ಕನೆಯದನ್ನು ಅಲ್ಲೇ ಕೂತು ಬರೆದುಕೊಟ್ಟು ಹೋಗಬೇಕು, ಉಳಿದೆರಡು ಹತ್ತು ದಿನದೊಳಗೆ ಬರಬೇಕು, ಇಲ್ಲದಿದ್ದರೆ ಧಾರಾವಾಹಿ ನಿಲ್ಲಿಸುತ್ತೇವೆ ಎಂದರು. ಅವರ ಕಚೇರಿಯ ಮೂಲೆಯ ಮೇಜಿನ ಮೇಲೆ, ಟೆಲಿಪ್ರಿಂಟರಿನ ಸದ್ದಿನಲ್ಲಿ ಆರು ಗಂಟೆ ಕೂತು ಹತ್ತು ಪುಟ ತುಂಬಿಸಿದೆ. ತುಂಬಿಸಿದೆ ಎಂದೇ ಹೇಳಬೇಕು. ನಾಯಕಿಯನ್ನು ಗಂಡ ಹೋಗಿದ್ದ ಊರಿಗೆ ಕಳಿಸಿದೆ, ಅಲ್ಲಿ ಅವಳಿಗೊಂದು ಟೈಲರಿಂಗ್ ಅಂಗಡಿ ಹಾಕಿಸಿದೆ. ಮರ ಅಲ್ಲಿಗೆ ಮಾಯವಾಯಿತು.

ಊರಿಗೆ ಬಂದು ಉಳಿದೆರಡನ್ನೂ ಒಂಬತ್ತು ದಿನದಲ್ಲಿ ಮುಗಿಸಿದೆ. ಓದುಗರು ಬಿಡುತ್ತಾರೆಯೇ? ಹಲಸಿನ ಮರ ಏನಾಯಿತು, ಲೇಖಕಿ ಮರೆತರೇ ಎಂದು ಕೇಳಿ ಕಾಗದ ಬರೆದರು. ಧಾರಾವಾಹಿ ಮುಗಿಯುವ ಹೊತ್ತಿಗೆ ಆ ಕಾಗದಗಳೂ ನಿಂತವು. ಪುಸ್ತಕವಾಗುವಾಗ ನಾನು ಹನ್ನೊಂದನೇ ಅಧ್ಯಾಯವನ್ನು ಪೂರ್ತಿ ತೆಗೆದುಹಾಕಿದೆ. ಅದರ ಕಾರ್ಬನ್ ಪ್ರತಿಯನ್ನು ನೀರೊಲೆಗೆ ಹಾಕಿದೆ. ನನ್ನ ಪುಸ್ತಕಗಳಲ್ಲೆಲ್ಲ ಕುಂಟುವ ಪುಸ್ತಕ ಅದು. ಒಬ್ಬ ವಿಮರ್ಶಕರು ನಡುವೆ ದಾರಿ ತಪ್ಪಿದೆ ಎಂದು ಬರೆದಾಗ ನನಗೆ ಬೇಜಾರಾಗಲಿಲ್ಲ.

ಧಾರಾವಾಹಿ ಮುಗಿದ ಎರಡು ವಾರಕ್ಕೆ ಅತ್ತೆ ಬಂದರು. ನನಗಾಗಿ ಅಲ್ಲ, ದೊಡ್ಡ ಎಮ್ಮೆ ಈಯುವುದರಲ್ಲಿತ್ತು. “ನಿಂಗೆ ಅದ್ರ ಗುಣ ಗೊತ್ತಾಗಲ್ಲ,” ಎಂದು ನೇರ ಕೊಟ್ಟಿಗೆಗೇ ಹೋದರು. ಮೊದಲಿನಂತೆಯೇ ನನ್ನ ಸಾರಿಗೆ ಉಪ್ಪು ಕಡಿಮೆ ಎಂದರು, ಜ್ವರ ಬಂದಾಗ ತಲೆಗೆ ಎಣ್ಣೆ ಒತ್ತಿದರು. ಮುಂದಿನ ಸಲ ಕಾಯಿ ಕೀಳುವವನು ಮೂಲೆಯ ಮರದ್ದನ್ನು ಎಲ್ಲಿಗೆ ಹಾಕಲಿ ಎಂದು ಕೇಳಿದಾಗ, “ಎಲ್ಲದ್ರ ಜೊತೆಗೇ ಹಾಕಪ್ಪ,” ಎಂದರು. ನಾನು ಎಷ್ಟೋ ಭಾನುವಾರ ಹಾಳೆ ಹಿಡಿದು ನಡುಮನೆಯಲ್ಲಿ ಕೂತೆ. ಅವರು ಆ ಹೊತ್ತಿಗೆ ಸರಿಯಾಗಿ ತೋಟಕ್ಕೆ ಹೋಗುತ್ತಿದ್ದರು. ಒಂದು ದಿನವೂ ಓದು ಎನ್ನಲಿಲ್ಲ. ಹಳೆಯ ಮಾತು ಒಂದನ್ನೂ ನನ್ನೆದುರು ಎತ್ತಲಿಲ್ಲ. ಅವರು ಬದುಕಿದ್ದ ಇನ್ನೈದು ವರ್ಷ ಒಂದೇ ಸೂರಿನ ಕೆಳಗೆ ಇದ್ದೂ ನಾನು ಅವರಿಗಾಗಿ ಕಾಯುತ್ತಿದ್ದೆ. ಅಷ್ಟು ವರ್ಷದಲ್ಲಿ ಎರಡು ಕಾದಂಬರಿ ಬರೆದೆ, ಎರಡೂ ಅವರಿಗೆ ಗೊತ್ತಿಲ್ಲ.

ಅವರ ಕೊನೆಯ ವರ್ಷದ ಒಂದು ಮಧ್ಯಾಹ್ನ ಜಗಲಿಯಲ್ಲಿ ಪಕ್ಕದ ಮನೆಯಾಕೆಗೆ ಏನೋ ಹೇಳುತ್ತಿದ್ದರು. ಕಾಫಿ ತೆಗೆದುಕೊಂಡು ಹೋದೆ. ಹೊಸ್ತಿಲ ಹತ್ತಿರ ಬರುವಾಗ, “ಆಗ ನಂಗಿನ್ನೂ ಹದಿನೈದು ತುಂಬಿರ್ಲಿಲ್ಲ ಕಣೇ, ನಮ್ಮಪ್ಪ ಗಾಡಿ ಕಟ್ಟಿ,” ಎಂಬಷ್ಟು ಕಿವಿಗೆ ಬಿತ್ತು. ನನ್ನ ನೆರಳು ಬಿದ್ದಿದ್ದೇ ಮಾತು ನಿಂತಿತು. “ಕೊಡಮ್ಮಿ,” ಎಂದು ಲೋಟ ತೆಗೆದುಕೊಂಡರು. “ಇವತ್ತು ಮೋಡ ಐತೆ, ಕಟ್ಟಿಗೆ ಒಳಗಿಡ್ಬೇಕು,” ಎಂದರು. ಪಕ್ಕದ ಮನೆಯಾಕೆ ಕಾಲ್ಬೆರಳು ನೋಡುತ್ತಾ ಕೂತರು.

ನಾನು ಒಳಗೆ ಬಂದೆ. ಸ್ವಲ್ಪ ಹೊತ್ತಿಗೆ ಗಾಡಿಯ ಮಾತು ಮತ್ತೆ ಶುರುವಾಯಿತು. ಅಡುಗೆಮನೆಯ ಕಿಟಕಿ ಜಗಲಿಗೇ ತೆರೆದಿರುವುದು, ನಿಂತಲ್ಲಿಂದ ಎಲ್ಲ ಕೇಳುತ್ತದೆ. ಸುಳ್ಳೇಕೆ ಹೇಳಲಿ, ಇನ್ನೊಂದು ಹೆಜ್ಜೆ ಕಿಟಕಿಯ ಕಡೆಗೆ ಇಟ್ಟೆ. ಅವರ ಬಾಯಲ್ಲಿ ಕಥೆ ಕೇಳಿ ಅಷ್ಟು ವರ್ಷವಾಗಿತ್ತು, ಕೇಳುವ ಆಸೆಗೆ ಮೈಯೆಲ್ಲ ಕಿವಿಯಾಗಿತ್ತು. ಆಮೇಲೆ ಕರೆಂಟು ಇದೆಯೇ ನೋಡಿದೆ. ಇತ್ತು. ಮಿಕ್ಸಿಯ ಜಾರಿಗೆ ಎರಡು ಲೋಟ ನೀರು ಸುರಿದು, ಮುಚ್ಚಳ ಒತ್ತಿ ಹಿಡಿದು ಸ್ವಿಚ್ಚು ತಿರುಗಿಸಿದೆ. ಹೊರಗಿನ ದನಿ ಮುಳುಗಿಹೋಯಿತು. ಕಿಟಕಿಯಲ್ಲಿ ಪಕ್ಕದ ಮನೆಯಾಕೆ ನಗುವುದು, ಬಾಯಿಗೆ ಸೆರಗು ಅಡ್ಡ ಹಿಡಿಯುವುದು ಕಾಣುತ್ತಿತ್ತು. ಅತ್ತೆ ಮಾತು ಮುಗಿಸಿ ಏಳುವವರೆಗೂ ನಾನು ಬರೀ ನೀರನ್ನು ರುಬ್ಬುತ್ತಾ ನಿಂತಿದ್ದೆ.